ಏಳನೇ ಫ್ಯಾನಿನ ಕಟ್ಟೆಯ ಮೇಲೆ ಜೋಳ

ಪಾರಿವಾಳ ಇರುವ ಊರಲ್ಲಿ ಶಾವಿಗೆ ಒಣಗಿಸುವುದು ಎಂಥ ಕಷ್ಟ ಎನ್ನುವುದು ಒಣಗಿಸಿದವರಿಗೇ ಗೊತ್ತು. ಅಥಣಿ ತಾಲೂಕಿನ ಮೂಡಣ ದಿಕ್ಕಿಗೆ ಕಲ್ಲಮಡ್ಡಿ ಎಂಬ ಊರು. ಅಲ್ಲಿ ರಾಜಮತಿಯ ಮಾಳಿಗೆಗೂ ಕುಲಸುಂಬಿಯ ಮಾಳಿಗೆಗೂ ನಡುವೆ ಒಂದೇ ಗೋಡೆ. ಈ ಕಡೆ ರಾಜಮತಿ ದಿನಾ ಬೆಳಿಗ್ಗೆ ಹಕ್ಕಿಗಳಿಗೆ ಜೋಳ ಚೆಲ್ಲುತ್ತಿದ್ದಳು. ಆ ಕಡೆ ಕುಲಸುಂಬಿ ಹಗ್ಗದ ಹೊರಸಿನ ಮೇಲೆ ಶಾವಿಗೆ ಹರವುತ್ತಿದ್ದಳು. ಪಾರಿವಾಳಗಳು ಇಲ್ಲಿ ಉಂಡು ಅಲ್ಲಿ ಹೋಗಿ ಹೊಲಸು ಮಾಡುತ್ತಿದ್ದವು.

"ರಾಜಕ್ಕಾ, ಪುಣ್ಯ ನಿನಗ, ಹೇಲು ನನಗ. ಇದ್ಯಾವ ನ್ಯಾಯ ಬೇ?" ಎಂದು ಕುಲಸುಂಬಿ ಗೋಡೆಯ ಮೇಲಿಂದ ಕೇಳುತ್ತಿದ್ದಳು.

"ನಾ ಏನ್ ಮಾಡ್ಲಿ? ಅವಕ್ಕೊಂದು ಸಂಡಾಸ ಕಟ್ಟಿಸಿ ಕೊಡ್ಲೇನ?"

"ಕಟ್ಟಸು. ಪಂಚಾಯ್ತ್ಯಾಗ ಅರ್ಜಿ ಕೊಡು, ನಾನೂ ಒಂದು ಸಹಿ ಹಾಕ್ತೇನಿ."

ಮಾತು ನಗೆಯಲ್ಲಿ ಮುಗಿಯುತ್ತಿತ್ತು, ಶಾವಿಗೆ ಮಾತ್ರ ದನದ ಪಾಲಾಗುತ್ತಿತ್ತು.

ಕಾಳು ಹಾಕುವುದು ರಾಜಮತಿಗೆ ಹೊತ್ತು ಕಳೆಯುವ ಕೆಲಸವಲ್ಲ, ನೇಮ. ಹಿಂದೊಮ್ಮೆ ಮುನಿಗಳು ಊರಿನಲ್ಲಿ ಚಾತುರ್ಮಾಸಕ್ಕೆ ನಿಂತಾಗ ಅವರ ಮುಂದೆ ಕೈಮುಗಿದು ಹಿಡಿದ ನೇಮ. ಹಕ್ಕಿಗೆ ಹಾಕದೆ ಅವಳು ಉಣ್ಣುವವಳಲ್ಲ. ನೀರು ಸೋಸಿ ಕುಡಿಯುವ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಜೈನರ ಮನೆ ಅದು. ಅಂಗಳ ಗುಡಿಸುವಾಗ ಇರುವೆ ಸಾಲು ಅಡ್ಡ ಬಂದರೆ ರಾಜಮತಿ ಕಸಬರಿಗೆ ಎತ್ತಿ ಹಿಡಿದು, ಸಾಲು ದಾಟುವ ತನಕ ಕಾಯುತ್ತಿದ್ದಳು.

ಎರಡು ವರ್ಷದ ಹಿಂದೆ ಊರ ಮೇಲಿನ ಮಡ್ಡಿಗೆ ಪವನಚಕ್ಕಿಗಳು ಬಂದವು. ಮಡ್ಡಿ ಎಂದರೆ ನೇಗಿಲು ಹೂಡಿದರೆ ಕಲ್ಲು ಏಳುವ, ಮಳೆ ಬಂದರೆ ಹುಲ್ಲು ಏಳುವ ಎತ್ತರದ ನೆಲ. ಅಲ್ಲಿ ಗಾಳಿಗೆ ಯಾರ ಅಡ್ಡಿಯೂ ಇಲ್ಲ. ಊರವರು ಪವನಚಕ್ಕಿಗೆ ಫ್ಯಾನು ಎಂದೇ ಹೆಸರಿಟ್ಟರು. ರಾಜಮತಿಯ ಗಂಡ ತವನಪ್ಪ ತನ್ನ ಮಡ್ಡಿಯ ಒಂದು ಮೂಲೆಯನ್ನು ಏಳನೇ ನಂಬರಿನ ಫ್ಯಾನಿಗೆ ಬಾಡಿಗೆಗೆ ಕೊಟ್ಟ. ಆ ಬಾಡಿಗೆಯ ಮೇಲೆ ಮಗಳು ಬ್ರಾಹ್ಮಿಯ ನಿಪ್ಪಾಣಿಯ ಕಾಲೇಜು ನಡೆಯತೊಡಗಿತು.

ಫ್ಯಾನಿನ ಬುಡದಲ್ಲಿ ಗುಂಡಗಿನ ಸಿಮೆಂಟು ಕಟ್ಟೆ. ಮುಳ್ಳಿಲ್ಲ, ಕೆಸರಿಲ್ಲ, ಕಣದ ಹಾಗೆ ನುಣ್ಣಗೆ. ಮೊದಲ ಸಲ ನೋಡಿದಾಗಲೇ ರಾಜಮತಿಗೆ ಅದು ಹಕ್ಕಿಗಳಿಗಾಗಿಯೇ ಯಾರೋ ಹಾಸಿಟ್ಟ ತಟ್ಟೆಯ ಹಾಗೆ ಕಂಡಿತು. ಮರುದಿನದಿಂದ ಜೋಳದ ಬುಟ್ಟಿ ಮಾಳಿಗೆ ಬಿಟ್ಟು ಮಡ್ಡಿ ಏರಿತು. ಕುಲಸುಂಬಿಯ ಶಾವಿಗೆ ಉಳಿಯಿತು. ಇಬ್ಬರಿಗೂ ಖುಷಿ.

ಪಾರಿವಾಳ ಬಂದವು. ಪಾರಿವಾಳಕ್ಕಿಂತ ಸಣ್ಣ ಬೆಳವ ಹಕ್ಕಿ ಬಂದವು. ಕಟ್ಟೆಯ ಸಂದಿಯಲ್ಲಿ ಬಿದ್ದ ಕಾಳಿಗೆ ಇಲಿಗಳೂ ಬಂದು ಬಿಲ ಮಾಡಿದವು. ಇಲಿಯೂ ಜೀವವೇ ಅಲ್ಲವೇ ಎಂದು ರಾಜಮತಿ ಒಂದು ಹಿಡಿ ಹೆಚ್ಚೇ ಹಾಕಿದಳು.

ಒಂದು ಬೆಳಿಗ್ಗೆ ಕಟ್ಟೆಯ ಆಚೆ ಒಂದು ಬೆಳವ ಸತ್ತು ಬಿದ್ದಿತ್ತು. ರಾಜಮತಿ ಅದನ್ನು ಬಿಳಿ ಅರಿವೆಯಲ್ಲಿ ಸುತ್ತಿದಳು. ಬದುವಿನ ಬೇವಿನ ಗಿಡದ ಕೆಳಗೆ ತವನಪ್ಪನ ಕೈಲಿ ತಗ್ಗು ತೋಡಿಸಿದಳು. ಮಣ್ಣಿನಲ್ಲಿ ಇರುವೆ ಇದ್ದಾವೆಯೇ ಎಂದು ಬೆರಳಾಡಿಸಿ ನೋಡಿ, ಒಂದು ಹಿಡಿ ಉಪ್ಪು ಹಾಕಿ, ಣಮೋಕಾರ ಮಂತ್ರ ಹೇಳಿ ಮುಚ್ಚಿದಳು. ಅಲ್ಲಿಂದ ತಿಂಗಳಿಗೊಂದು, ಒಮ್ಮೊಮ್ಮೆ ಎರಡು. ಪಾರಿವಾಳ ಸತ್ತವು. ಹದಿನೈದು ದಿನ ಬಿಟ್ಟು ಒಂದು ಗಿಡುಗ ಸತ್ತಿತು.

"ಕಂಪನಿಯವರಿಗೆ ಹೇಳೂಣೇನ್ರಿ?" ಎಂದು ಅವಳು ಕೇಳಿದಳು.

"ಹುಚ್ಚಿ ಏನ ನೀ?" ತವನಪ್ಪ ಸಲಿಕೆಗೆ ಹತ್ತಿದ ಮಣ್ಣು ಕೆರೆಯುತ್ತ ಹೇಳಿದ. "ಹಕ್ಕಿ ಸಾಯಾಕತ್ತಾವ ಅಂದ್ರ ಫ್ಯಾನ್ ಬಂದ್ ಮಾಡ್ತಾರ. ನಮ್ಮ ಹುಡಗಿ ಕಾಲೇಜ ಬಿಟ್ಟ ಮನೀಗಿ ಬರ್ತಾಳ. ನೀ ಮಣ್ಣ ಕೊಟ್ಟಿ, ಮಂತ್ರಾ ಹೇಳಿದಿ, ಅವಕ್ಕ ಸದ್ಗತಿ ಆತು. ಇನ್ನೇನ ಬೇಕು?"

ರಾಜಮತಿ ಬುಟ್ಟಿ ಎತ್ತಿಕೊಂಡು ಮನೆಗೆ ಇಳಿದಳು. ಯಾವ ಕೆಟ್ಟದ್ದನ್ನೂ ಮಾಡಿಲ್ಲ ಎಂದು ಅವಳ ಮನಸ್ಸೂ ಒಪ್ಪಿತ್ತು.

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಒಂದು ದೊಡ್ಡ ಹದ್ದು ಬಿದ್ದಿತ್ತು. ಒಣಹುಲ್ಲಿನ ಬಣ್ಣದ ಮೈ, ಚಾಚಿದರೆ ಆಳಿನ ಉದ್ದಕ್ಕಿಂತ ಹೆಚ್ಚಾಗುವ ರೆಕ್ಕೆ. ಒಂದು ರೆಕ್ಕೆ ಬುಡದಲ್ಲೇ ಮುರಿದಿತ್ತು. ಅರಿವೆ ಸಾಲಲಿಲ್ಲ. ರಾಜಮತಿ ಮನೆಗೆ ಹೋಗಿ ತನ್ನ ಬಿಳಿ ಪೂಜೆ ಸೀರೆಯನ್ನು ಅರ್ಧ ಹರಿದು ತಂದಳು.

ಮರುವಾರ ಮಸರತ ಅವಳನ್ನು ಮಡ್ಡಿಯ ಮೇಲೆ ಹಿಡಿದು ನಿಲ್ಲಿಸಿದಳು. ಮಸರತ ಕುಲಸುಂಬಿಯ ಮಗಳು. ಅಥಣಿಯಲ್ಲಿ ಬಿ.ಎಸ್ಸಿ. ಓದಿ, ಫ್ಯಾನುಗಳು ಬಂದಾಗಲೇ ಕಂಪನಿಗಾಗಿ ಅವುಗಳ ಸುತ್ತ ಹಕ್ಕಿ ಲೆಕ್ಕ ಮಾಡುವ ಕೆಲಸಕ್ಕೆ ಸೇರಿದ್ದಳು. ಪ್ರತಿ ಸೋಮವಾರ ಒಂದೊಂದು ಫ್ಯಾನಿನ ಸುತ್ತ ಅಡ್ಡಡ್ಡ, ಉದ್ದುದ್ದ ನಡೆದು, ಸತ್ತ ಹಕ್ಕಿ, ಬಾವಲಿ ಸಿಕ್ಕರೆ ಫೋಟೊ ತೆಗೆದು ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ.

"ಮಾವಶಿ, ಒಂದ್ ಮಾತ ಕೇಳ್ಲಿ? ಏಳನೇ ನಂಬರಿನ ಸುತ್ತ ಪುಕ್ಕ ಅಷ್ಟ ಸಿಗ್ತಾವ, ಹಕ್ಕಿ ಸಿಗೂದುಲ್ಲ. ನಾಯಿ ಎಳದೊಯ್ತಾವೇನ?"

"ಇರಬಹುದವಾ," ಎಂದು ರಾಜಮತಿ ಬುಟ್ಟಿ ಸರಿಮಾಡಿಕೊಂಡಳು.

"ನಾನರ ಎರಡು ವರ್ಷದಿಂದ ಸೊನ್ನಿ ಬರದ ಬರದ ಸಾಕಾಗೇತಿ. ಬರ್ರಿ, ನಿಮಗೊಂದ ತೋರಸ್ತೇನಿ."

ಮಡ್ಡಿಯ ಬಡಗಣ ಅಂಚಿನಲ್ಲಿ ಒಂದು ಎತ್ತರದ ಜಾಲಿ ಗಿಡ. ಮಸರತ ದುರ್ಬೀನನ್ನು ರಾಜಮತಿಯ ಕಣ್ಣಿಗೆ ಹಿಡಿದಳು. ಗಿಡದ ನೆತ್ತಿಯ ಮೇಲೆ ಕಟ್ಟಿಗೆಯ ಹೊರೆಯಂಥ ಗೂಡು. ಅದರೊಳಗೆ ಅರಳೆಯ ಉಂಡೆಯ ಹಾಗೆ ಒಂದು ಮರಿ. ಮರಿ ಕೊರಳೆತ್ತಿ ನೋಡಿ ಮತ್ತೆ ಮಲಗಿತು.

"ಹದ್ದಿನ ಮರಿ. ಈ ಜಾತಿ ಹದ್ದು ಭಾಳ ಕಡಿಮಿ ಆಗ್ಯಾವ ಮಾವಶಿ. ಪಾರಿವಾಳ ವರ್ಷದಾಗ ನಾಕೈದ ಸಲ ಮರಿ ಮಾಡ್ತಾವ. ಇವು ವರ್ಷಕ್ಕೊಮ್ಮೆ, ಉಳದ್ರ ಒಂದ ಮರಿ. ಅದಕ್ಕ ಗಂಡು ಹೆಣ್ಣು ಎರಡೂ ದುಡೀಬೇಕು. ಒಂದು ಗೂಡ ಕಾಯ್ತೈತಿ, ಒಂದು ಬ್ಯಾಟಿಗಿ ಹೋಗ್ತೈತಿ. ಆದ್ರ ಹೋದ ವಾರದಿಂದ ಒಂದ ಬರಾಕತ್ತೇತಿ. ಇನ್ನೊಂದು ಎಲ್ಲಿ ಹೋತೋ ತಿಳೀವಲ್ದು. ಇದೂ ಹೋತಂದ್ರ ಮರಿ ಗೂಡಿನ್ಯಾಗ ಹಸದ ಸಾಯ್ತೈತಿ."

ರಾಜಮತಿ ದುರ್ಬೀನು ಕೆಳಗಿಳಿಸಿದಳು. ಇನ್ನೊಂದು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದು, ಬೇರೆಯೇ ಕೇಳಿದಳು.

"ಫ್ಯಾನಿನ ಅಷ್ಟ ದೊಡ್ಡ ರೆಕ್ಕಿ ಹದ್ದಿಗಿ ಕಾಣಸೂದುಲ್ಲೇನವಾ? ಅದರ ಕಣ್ಣ ನಮಗಿಂತ ಚುರುಕ ಅಲ್ಲಾ?"

"ಚುರುಕ ಖರೆ. ಆದ್ರ ಬ್ಯಾಟಿ ಆಡೂ ಮುಂದ ಅದು ನೆಲಾ ನೋಡ್ತಿರತೈತಿ, ಮುಂದ ನೋಡೂದುಲ್ಲ. ಫ್ಯಾನಿನ ರೆಕ್ಕಿ ದೂರದಿಂದ ಮೆಲ್ಲಕ ತಿರಗಿದಂಗ ಅನಸ್ತೈತಿ. ಅದರ ತುದಿ ಹೈವೇದಾಗ ಹೋಗೂ ಕಾರಿಗಿಂತ ಎರಡ ಪಟ್ಟ ಜೋರ ಇರತೈತಿ."

"ಉಳದ ಫ್ಯಾನಿಗೂ ಹಿಂಗ ಆಗತೈತೇನ?"

"ಇಲ್ಲ. ಅದ ನನಗ ತಿಳೀದಿದ್ದು. ಏಳನೇ ನಂಬರಿಗಿ ಯಾಕ ಇಷ್ಟ ಪುಕ್ಕ..." ಮಸರತ ಅಲ್ಲಿಗೇ ನಿಂತಳು. ಅವಳ ಕಣ್ಣು ರಾಜಮತಿಯ ಬುಟ್ಟಿಯ ಮೇಲೆ ಬಿತ್ತು. ತಳದಲ್ಲಿ ನಾಲ್ಕು ಜೋಳದ ಕಾಳು ಅಂಟಿಕೊಂಡಿದ್ದವು. "ಮಾವಶಿ, ನೀವು ಕಾಳು ಆ ಕಟ್ಟಿ ಮ್ಯಾಲ ಹಾಕ್ತೀರೇನ? ದಿನಾ?"

"ಹೌದು. ಯಾಕ?"

ಮಸರತ ತಡವರಿಸಿದಳು. ತನ್ನನ್ನು ಆಡಿಸಿ ಬೆಳೆಸಿದ ಹೆಂಗಸಿಗೆ ಹೇಗೆ ಹೇಳುವುದು. "ಕಾಳಿಗಿ ಪಾರಿವಾಳ ಬರ್ತಾವ, ಇಲಿ ಬರ್ತಾವ. ಪಾರಿವಾಳಕ್ಕ, ಇಲಿಗಿ ಹದ್ದು ಬರ್ತಾವ. ಬಂದಲ್ಲೆ ಫ್ಯಾನ್ ಐತಿ."

ರಾಜಮತಿಯ ಮುಖ ಬಿಗಿಯಿತು. "ಅಂದ್ರ ನಾ ಕೊಲ್ಲಾಕತ್ತೇನಿ ಅಂತೀಯೇನ? ನನ್ನ ಕಾಳ ತಿಂದ ಯಾವ ಜೀವಾನೂ ಸತ್ತಿಲ್ಲ. ನಿಮ್ಮವ್ವನ ಶಾವಿಗಿ ಹೊಲಸಾದ್ರ ಒಂದು, ಹದ್ದ ಸತ್ರ ಒಂದು, ಎಲ್ಲಾ ನನ್ನ ಬುಟ್ಟಿಗೇ ಬರತೈತಿ."

"ಮಾವಶಿ, ನಾ ಹಂಗಂದಿಲ್ಲ..."

ಕೇಳಲು ರಾಜಮತಿ ನಿಲ್ಲಲಿಲ್ಲ. ಆದರೆ ಮಾತು ಅವಳ ಹಿಂದೆಯೇ ಇಳಿದು ಮನೆಯ ತನಕ ಬಂತು. ರೊಟ್ಟಿ ಬಡಿಯುವಾಗ ಬಂತು, ಹಾಸಿಗೆ ಹಾಸುವಾಗ ಬಂತು.

ಮರುದಿನ ಬುಟ್ಟಿ ತುಂಬಿಕೊಂಡು ಮಡ್ಡಿ ಏರಿದಳು. ಇನ್ನೂ ಕಾಳು ಚೆಲ್ಲಿರಲಿಲ್ಲ. ಅವಳು ಕಂಡೊಡನೆ ಪಾರಿವಾಳಗಳು ನಾಲ್ಕು ದಿಕ್ಕಿನಿಂದ ಬಂದು ಕಟ್ಟೆ ತುಂಬಿದವು. ಎರಡು ವರ್ಷ ಸಾಕಿ ರೂಢಿ ಮಾಡಿಸಿದ ಹಿಂಡು. ರಾಜಮತಿ ಹಿಡಿ ತುಂಬಿದಳು, ಆದರೆ ಈ ಸಲ ಕೆಳಗೆ ನೋಡದೆ ಮೇಲೆ ನೋಡಿದಳು. ಈ ಎರಡು ವರ್ಷದಲ್ಲಿ ಒಮ್ಮೆಯೂ ಅವಳು ಮೇಲೆ ನೋಡಿರಲಿಲ್ಲ.

ಬಡಗಣ ಅಂಚಿನಿಂದ ಹದ್ದು ಬಂತು. ರೆಕ್ಕೆ ಬಡಿಯದೆ ಗಾಳಿಯ ಮೇಲೆ ಒರಗಿ ಒಂದು ಸುತ್ತು ಹಾಕಿತು. ಅದರ ತಲೆ ಬಗ್ಗಿತ್ತು. ಅದು ಪಾರಿವಾಳಗಳನ್ನೇ ನೋಡುತ್ತಿತ್ತು. ಎರಡನೇ ಸುತ್ತಿಗೆ ಫ್ಯಾನಿನ ರೆಕ್ಕೆ ಮೇಲಿನಿಂದ ಬೀಸಿಕೊಂಡು ಇಳಿಯಿತು. ಹದ್ದಿಗೂ ಅದಕ್ಕೂ ನಡುವೆ ಒಂದು ಎತ್ತಿನಗಾಡಿ ದಾಟುವಷ್ಟೂ ಜಾಗ ಉಳಿಯಲಿಲ್ಲ. ಗಾಳಿಯ ಹೊಡೆತಕ್ಕೆ ಹದ್ದು ಪಕ್ಕಕ್ಕೆ ಹೊರಳಿ, ಮತ್ತೆ ಮೈ ಸರಿಮಾಡಿಕೊಂಡು ಮತ್ತೊಂದು ಸುತ್ತಿಗೆ ಬಂತು. ಮರಿಯ ಹಸಿವು ಅದನ್ನು ಮತ್ತೆ ಎಳೆದಿತ್ತು.

ರಾಜಮತಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಕಟ್ಟೆಯ ಸುತ್ತ ಓಡಿದಳು. ಸೆರಗು ಬೀಸಿದಳು, ಕೂಗಿದಳು, ಕಲ್ಲಿನಿಂದ ಕಟ್ಟೆ ಕುಟ್ಟಿದಳು. ಪಾರಿವಾಳಗಳು ಎದ್ದು ಹೋದವು. ಹದ್ದು ಎತ್ತರಕ್ಕೆ ಏರಿ ದೂರವಾಯಿತು. ಒಂದು ಕಾಳೂ ಚೆಲ್ಲದೆ ಅವಳು ತುಂಬಿದ ಬುಟ್ಟಿಯೊಂದಿಗೆ ಮನೆಗೆ ಇಳಿದಳು. ನೇಮ ಮುರಿಯಿತು. ಆ ದಿನ ಅವಳು ಉಣ್ಣಲಿಲ್ಲ.

"ನಾಳೆ ಶಾಲಿ ಕಟ್ಟಿ ಮ್ಯಾಲ ಸಭಾ ಐತಿ," ಎಂದು ತವನಪ್ಪ ಹೇಳಿದ. "ಬಡಗಣ ಅಂಚಿಗಿ ಇನ್ನೂ ಆರ ಫ್ಯಾನ್ ಹಾಕ್ತಾರಂತ."

"ಬಡಗಣ ಅಂಚಿಗಿ ಗೂಡ ಐತ್ರಿ. ನಾವು ಮಣ್ಣ ಮಾಡಿದ್ದ ಹದ್ದಿನ ಮರಿ ಐತಿ ಅಲ್ಲೆ. ನಾ ಹೇಳ್ತೇನಿ ಸಭಾದಾಗ."

"ಏನ ಹೇಳ್ತಿ? ಕರೆಂಟಿನ ತಂತಿಗಿ ಬಡಕೊಂಡ ಸಾಯ್ತಾವ, ಲಾರಿ ಕೆಳಗ ಸಿಕ್ಕ ಸಾಯ್ತಾವ. ಫ್ಯಾನ್ ಒಂದಕ್ಕ ಯಾಕ ದೋಷಾ ಹಚ್ಚೂದು? ಬ್ರಾಹ್ಮಿ ಮುಖಾ ನೋಡ."

"ಆ ಮರಿ ಮುಖಾನೂ ನೋಡೇನ್ರಿ ನಾ."

ತವನಪ್ಪ ಎದ್ದು ಹೊರಗೆ ಹೋಗಿ ಎತ್ತಿನ ಹಗ್ಗ ಸರಿಪಡಿಸುತ್ತ ಕೂತ. ಸರಿಯಿದ್ದ ಹಗ್ಗವನ್ನೇ ಬಿಚ್ಚಿ ಬಿಚ್ಚಿ ಕಟ್ಟಿದ.

ಸಭೆಗೆ ಊರೇ ಸೇರಿತ್ತು. ಕಂಪನಿಯ ಎಂಜಿನಿಯರ ಹಾಲೇಶ ದಾವಣಗೆರೆ ಕಡೆಯವನು, ಮೆತ್ತಗಿನ ಮಾತಿನ ಮನುಷ್ಯ. ಗಾಳಿಯಿಂದ ಕರೆಂಟು ಮಾಡಿದರೆ ಕಲ್ಲಿದ್ದಲಿನ ಹೊಗೆ ಕಡಿಮೆ, ಬೂದಿ ಇಲ್ಲ ಎಂದು ತಿಳಿಸಿ ಹೇಳಿದ. ಹೊಸ ಆರು ಫ್ಯಾನಿನ ನಕ್ಷೆ ತೋರಿಸಿದ. ಕೊನೆಗೆ ಮಸರತಳ ಪುಸ್ತಕ ತೆರೆದ.

"ಇಲ್ಲಿ ಹಕ್ಕಿಗಳಿಗೆ ತೊಂದರೆ ಆಗಿಲ್ಲ. ಮಡ್ಡಿಯ ಆ ತುದಿಗೆ ಹತ್ತಿರ ಇರೋದು ಏಳನೇ ನಂಬರು. ಎರಡು ವರ್ಷದಲ್ಲಿ ಅಲ್ಲಿ ಸತ್ತ ಹಕ್ಕಿ ಸೊನ್ನೆ. ಹಾಗಾಗಿ ಹೊಸ ಫ್ಯಾನು ಅಲ್ಲಿ ಹಾಕಬಹುದು ಅಂತ ನಮ್ಮ ಲೆಕ್ಕ."

ಮಸರತ ತಲೆ ತಗ್ಗಿಸಿದ್ದಳು. ಬರೆದ ಸೊನ್ನೆ ಅವಳದೇ ಕೈಯದು. ಗೂಡಿದೆ ಎಂದು ಹೇಳಬಹುದಿತ್ತು, ಹೇಳಿಯೂ ಇದ್ದಳು. ಗೂಡಿದ್ದರೂ ಹಕ್ಕಿ ಸತ್ತಿಲ್ಲವಲ್ಲ ಎಂದು ಮೇಲಿನವರು ಅಂದಿದ್ದರು.

ರಾಜಮತಿ ಎದ್ದಳು. ತವನಪ್ಪ ಅವಳ ಸೆರಗು ಹಿಡಿದು, "ಕೂಡು," ಎಂದ. ಅವಳು ಸೆರಗು ಬಿಡಿಸಿಕೊಂಡಳು.

"ಆ ಸೊನ್ನಿ ನಂದ್ರಿ ಸಾಹೇಬ್ರ."

"ಅಂದ್ರೆ, ಅಮ್ಮಾ?"

"ಮಸರತ ಸುಳ್ಳ ಬರದಿಲ್ಲ. ಆಕಿ ಸೋಮವಾರ ಬರೂದ್ರಾಗ ನಾ ಎಲ್ಲಾ ಎತ್ತಿ ಮಣ್ಣ ಮಾಡಿರ್ತಿದ್ದೆ. ಬೆಳವ, ಪಾರಿವಾಳ ಹದಿನೆಂಟು. ಗಿಡಗ ಮೂರು. ಹದ್ದು ಒಂದು. ಕಾಳ ಹಾಕಿ ಕರದಾಕಿನೂ ನಾನ, ಮುಚ್ಚಿಟ್ಟಾಕಿನೂ ನಾನ. ಧರ್ಮದ ಕೆಲಸಾ ಅಂತ ಮಾಡಿದೆ. ನಾ ಮುಚ್ಚಿದ್ದಕ್ಕ ನೀವು ಆ ಮರಿ ತಲೀ ಮ್ಯಾಲ ಆರ ಫ್ಯಾನ್ ತರಾಕತ್ತೀರಿ. ಬರ್ರಿ, ತೋರಸ್ತೇನಿ."

ಕುಲಸುಂಬಿ ಎದ್ದು ಬಂದು ರಾಜಮತಿಯ ಪಕ್ಕ ನಿಂತಳು. "ಮುಂಜಾನಿಂದ ಏನರ ತಿಂದೀಯೇನ ನೀ? ಮುಖಾ ನೋಡ ಹೆಂಗ ಆಗೇತಿ," ಎಂದು ಬೈದಳು.

ಬೇವಿನ ಗಿಡದ ತನಕ ಎಲ್ಲರೂ ನಡೆದರು. ಯಾರು ತೋಡಬೇಕು ಎಂದು ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ತವನಪ್ಪ ಹಿಂದಿನಿಂದ ಬಂದ. ಅವನ ಹೆಗಲ ಮೇಲೆ ಸಲಿಕೆ ಇತ್ತು. "ಸರೀರಿ, ತಗ್ಗ ತೋಡಿದಾವ ನಾನ," ಎಂದ. ಮೆಲ್ಲಗೆ, ಎಲ್ಲಿಯೂ ಪೆಟ್ಟಾಗದ ಹಾಗೆ ಮಣ್ಣು ಸರಿಸಿದ. ಬಿಳಿ ಸೀರೆಯ ಗಂಟು ಕಂಡಿತು. ಮಸರತ ಕೈಗವಸು ಹಾಕಿಕೊಂಡು ಬಿಚ್ಚಿದಳು. ಮುರಿದ ರೆಕ್ಕೆಯನ್ನು ನೋಡಿದ ಹಾಲೇಶ ಟೋಪಿ ತೆಗೆದ.

"ನಮ್ಮದೂ ತಪ್ಪಿದೆ," ಎಂದ ಅವನು. "ಹೊಸ ಫ್ಯಾನಿಗೆ ಹಕ್ಕಿ ಸರ್ವೇ ಮಾಡಿದ್ದು ಮೇ ತಿಂಗಳಲ್ಲಿ. ಆಗ ಗೂಡು ಖಾಲಿ ಇತ್ತು. ಚಳಿಗಾಲದಲ್ಲೂ ಬಂದು ನೋಡಬೇಕಿತ್ತು."

ತವನಪ್ಪ ಸಲಿಕೆ ಊರಿ ಕೇಳಿದ. "ಹಂಗಾದ್ರ ಫ್ಯಾನ್ ಬಂದ್ ಮಾಡ್ತೀರೇನ್ರಿ?"

ಉತ್ತರ ಹೇಳಿದವಳು ಮಸರತ. "ಫ್ಯಾನ್ ಬ್ಯಾಡ ಅಂತ ಯಾರ ಅಂದಾರ ಕಾಕಾ? ಎಲ್ಲಿ ಹಾಕಬೇಕು, ಯಾವ ಹೊತ್ತಿನ್ಯಾಗ ಬಂದ್ ಇಡಬೇಕು, ಅಷ್ಟ ಮಾತು. ಹದ್ದು ಸಮೀಪ ಬಂದಾಗ ಏಳನೇ ನಂಬರ ನಿಲ್ಲಸಿದ್ರ ಸಾಕು. ಅದು ದಾಟಿ ಹೋದ ಮ್ಯಾಲ ಮತ್ತ ಚಾಲೂ. ದಿನದಾಗ ತಾಸೋ, ಎರಡ ತಾಸೋ."

"ಅಷ್ಟ ಏನ?" ಎಂದ ತವನಪ್ಪ. ಎರಡು ವರ್ಷ ಹೊತ್ತ ಭಯ ಇಷ್ಟೇ ಆಗಿತ್ತೇ ಎಂದು ಅವನಿಗೆ ನಾಚಿಕೆಯಾಯಿತು. "ಇದನ್ನ ಮೊದಲ ಕೇಳಿದ್ರ ಆ ಹದ್ದರ ಉಳೀತಿತ್ತು."

ಅರಣ್ಯ ಇಲಾಖೆಯವರು ಬಂದು ಹದ್ದನ್ನು ಒಯ್ದರು, ಹೆಸರು, ಅಳತೆ ಬರೆದುಕೊಂಡರು. ಕಾಡುಹಕ್ಕಿ ಸತ್ತಿದ್ದರೂ ಹಾಗೆ ಎತ್ತಿ ಮಣ್ಣು ಮಾಡಬಾರದು, ಮುಟ್ಟದೆ ತಿಳಿಸಬೇಕು ಎಂದು ರಾಜಮತಿಗೆ ಬುದ್ಧಿ ಹೇಳಿದರು. ಅವಳು ಒಪ್ಪಿ ತಲೆಯಾಡಿಸಿದಳು. ಅವಳ ಜೋಳ ಈಗ ಮಡ್ಡಿಯಿಂದ ದೂರ, ಬಸದಿಯ ಹಿಂದಿನ ಅಂಗಳದಲ್ಲಿ ಬೀಳುತ್ತದೆ, ಹಕ್ಕಿಗಳು ತಿಂದು ಮುಗಿಸುವಷ್ಟೇ.

ಆ ಚಳಿಗಾಲ ಮಸರತ ದಿನವೂ ಮಡ್ಡಿಯ ಮೇಲೆ ಕೂತಳು. ಹದ್ದು ಏಳನೇ ನಂಬರಿನ ಕಡೆ ತಿರುಗಿದರೆ ಹಾಲೇಶನಿಗೆ ಫೋನು ಹೋಗುತ್ತಿತ್ತು, ಫ್ಯಾನು ನಿಲ್ಲುತ್ತಿತ್ತು. ಮಡ್ಡಿಗೆ ಸತ್ತ ದನ ಎಸೆಯುವುದನ್ನು ಊರವರು ನಿಲ್ಲಿಸಿದರು, ಏಕೆಂದರೆ ಅದೂ ಹದ್ದನ್ನು ಕರೆಯುತ್ತದೆ. ಹೊರದೇಶದಲ್ಲಿ ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಹಚ್ಚಿ ಹಕ್ಕಿಗೆ ಕಾಣುವಂತೆ ಮಾಡಿದ್ದಾರಂತೆ. ಹಾಗೆ ಮಾಡಲು ಹಾಲೇಶ ಪತ್ರ ಬರೆದಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಹೊಸ ಆರು ಫ್ಯಾನಿನ ಕೆಲಸ ನಿಂತಿತು. ಒಂದು ವರ್ಷ, ಮೂರೂ ಕಾಲ, ಹಕ್ಕಿ ನೋಡಿದ ಮೇಲೆ ನಾಲ್ಕನ್ನು ತೆಂಕಣ ದಿಕ್ಕಿಗೆ ಸರಿಸಿದರು, ಎರಡನ್ನು ಕೈಬಿಟ್ಟರು. ಏಳನೇ ಫ್ಯಾನಿನ ಬಾಡಿಗೆ ನಿಲ್ಲಲಿಲ್ಲ.

ಸಭೆ ನಡೆದ ವರ್ಷವೇ, ಯುಗಾದಿಗೆ ಎಂಟು ದಿನ ಇರುವಾಗ ಮರಿ ಗೂಡಿನ ಅಂಚಿಗೆ ಬಂದು ನಿಂತಿತು. ಗಾಳಿ ಬಂತು, ರೆಕ್ಕೆ ಬಿಚ್ಚಿತು, ಮಡಚಿತು. ಮತ್ತೆ ಬಿಚ್ಚಿತು. ಮೂರನೆಯ ಸಲಕ್ಕೆ ಕಾಲು ಬಿಟ್ಟಿತು. ಒಂದಿಷ್ಟು ತಗ್ಗಿ, ಹುಲ್ಲಿನ ಮೇಲೆ ತೂಗಿ, ಉಳಿದ ಹದ್ದು ಹಾರಿಹೋದ ದಿಕ್ಕಿಗೇ ಹೋಯಿತು. ರಾಜಮತಿ, ತವನಪ್ಪ ಇಬ್ಬರೂ ಅಲ್ಲಿ ಇದ್ದರು. ಅದು ಕಣ್ಣಿಗೆ ಮರೆಯಾಗುವ ತನಕ ಮೇಲೆಯೇ ನೋಡಿದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಡ್ಡಿಗೂ ಇಂದಲ್ಲ ನಾಳೆ ಫ್ಯಾನು ಬರಬಹುದು. ಬರಲಿ, ನಮಗೆ ಕರೆಂಟು ಬೇಕು. ಆದರೆ ಸರ್ವೇ ಮಾಡಲು ಬಂದವರನ್ನು ಕೇಳಿರಿ: ಯಾವ ತಿಂಗಳು ನೋಡಿದಿರಿ, ಚಳಿಗಾಲದಲ್ಲಿ ಬಂದಿದ್ದಿರಾ ಎಂದು. ಯಾವ ಗಿಡದಲ್ಲಿ ಗೂಡಿದೆ, ಯಾವ ಹಳ್ಳದಲ್ಲಿ ತೋಳ ಮರಿ ಹಾಕುತ್ತದೆ, ಯಾವ ಗವಿಯಲ್ಲಿ ಬಾವಲಿ ಇವೆ ಎನ್ನುವುದು ಕುರಿ ಕಾಯುವ ನಿಮಗೆ ಗೊತ್ತು, ಹೊರಗಿಂದ ಬಂದವರಿಗೆ ಗೊತ್ತಿಲ್ಲ. ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿರಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿರಿ. ಫ್ಯಾನು ಹಾಕಿದ ಮೇಲೆ ಅದರ ಬುಡದಲ್ಲಿ ಕಾಳು ಚೆಲ್ಲಬೇಡಿರಿ, ಸತ್ತ ದನ, ಕೋಳಿ ಹಾಕಬೇಡಿರಿ. ಸತ್ತ ಹಕ್ಕಿ ಕಂಡರೆ ಮುಟ್ಟದೆ ಒಂದು ಫೋಟೊ ತೆಗೆದು ಕಂಪನಿಯವರಿಗೂ ಅರಣ್ಯ ಇಲಾಖೆಗೂ ತಿಳಿಸಿರಿ. ಹೆದರಬೇಡಿರಿ. ನೀವು ಹೇಳಿದ ಒಂದು ಸಾವಿನ ಸುದ್ದಿ, ಗೂಡಿನಲ್ಲಿ ಕಾಯುತ್ತಿರುವ ಇನ್ನೊಂದು ಜೀವವನ್ನು ಉಳಿಸುತ್ತದೆ.